‘ನೆರಳು ಹಾಕಿ’ ಅಂದರೆ ಮಕ್ಕಳು ಮಡಕೆ ಬಿಟ್ಟು ಮೇಜಿಗೆ ಕಪ್ಪು ಹಚ್ಚುತ್ತಾರೆ: ಶೇಡಿಂಗ್‌ಗೆ ಬೇರೆ ಪದ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಂದು ಪದಕ್ಕೆ ನಿಮ್ಮ ಸಹಾಯ ಬೇಕು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕಂದರೆ ತರಗತಿಯಲ್ಲಿ ಆಗಿದ್ದನ್ನು ಹೇಳದೆ ಪ್ರಶ್ನೆ ಅರ್ಥವಾಗುವುದಿಲ್ಲ.

ಹೋದ ವಾರ ಒಂಬತ್ತನೇ ತರಗತಿಗೆ ವಸ್ತುಚಿತ್ರ ಇತ್ತು. ಕಿಟಕಿ ಪಕ್ಕ ಮೇಜಿನ ಮೇಲೆ ಒಂದು ಮಣ್ಣಿನ ಮಡಕೆ ಇಟ್ಟಿದ್ದೆ, ಬೆಳಕು ಎಡದಿಂದ ಬೀಳುತ್ತಿತ್ತು. ಹೊರಗೆರೆಯನ್ನು ಎಲ್ಲರೂ ಚೆನ್ನಾಗಿಯೇ ಎಳೆದರು. ಆಮೇಲೆ ‘ಈಗ ನೆರಳು ಹಾಕಿ’ ಅಂದೆ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಮುಕ್ಕಾಲು ಪಾಲು ಮಕ್ಕಳು ಮಡಕೆಯನ್ನು ಮುಟ್ಟೇ ಇಲ್ಲ. ಮಡಕೆ ದೋಸೆಯ ಹಾಗೆ ಚಪ್ಪಟೆ, ಅದರ ಬಲಕ್ಕೆ ಮೇಜಿನ ಮೇಲೆ ಮಾತ್ರ ಉದ್ದಕ್ಕೆ ಒಂದು ಕಪ್ಪು ಮಚ್ಚೆ. ತಪ್ಪು ಮಕ್ಕಳದಲ್ಲ. ಕನ್ನಡದಲ್ಲಿ ನೆರಳು ಅಂದರೆ ಅದೇ ಅಲ್ವಾ? ಮರದ ನೆರಳು, ಗೋಡೆಯ ನೆರಳು, ಸಂಜೆ ನಮ್ಮ ಹಿಂದೆ ಉದ್ದಕ್ಕೆ ಬರುವ ನೆರಳು. ಹಳಗನ್ನಡದ ‘ನೆೞಲ್’ ಸವೆದು ನೆಳಲು ಆಯಿತು, ನೆರಳು ಆಯಿತು, ಆದರೂ ಅದು ಯಾವಾಗಲೂ ಬೇರೆ ಕಡೆ ಹೋಗಿ ಬೀಳುವಂಥದ್ದು.

ನನಗೆ ಬೇಕಾಗಿರುವುದು ಮಡಕೆಯ ಮೈಮೇಲೇ ಇರುವ ಕಪ್ಪು. ಬೆಳಕಿನ ಕಡೆಯಿಂದ ಆಚೆಗೆ ಹೋಗ್ತಾ ಹೋಗ್ತಾ ಮಣ್ಣಿನ ಬಣ್ಣ ನಿಧಾನಕ್ಕೆ ಕಂದುತ್ತದಲ್ಲ, ಅದಕ್ಕೊಂದು ಹೆಸರು ಬೇಕು. ಅದನ್ನು ಪೆನ್ಸಿಲಿನಲ್ಲಿ ತರುವ ಕೆಲಸಕ್ಕೆ ಒಂದು ಕ್ರಿಯಾಪದ ಬೇಕು. ಮಡಕೆ ದುಂಡಗೆ ಕಾಣುವುದು ಅದರಿಂದ.

‘ಶೇಡಿಂಗ್ ಅಂತಲೇ ಅನ್ನಿ, ಎಲ್ಲರಿಗೂ ಗೊತ್ತು’ ಎಂದು ನೀವು ಹೇಳಬಹುದು. ನಾನೂ ಎಷ್ಟೋ ವರ್ಷ ಹಾಗೇ ಅಂದಿದ್ದೇನೆ. ಆದರೆ ಆ ಪದ ಮಕ್ಕಳಿಗೆ ಬಂದಿರುವುದೇ ಒಂದು ಕೈಚಳಕವಾಗಿ: 6ಬಿ ಪೆನ್ಸಿಲ್ ತಗೊಂಡು ಅಂಚಿಗೆ ಕಪ್ಪು ಗೀಚು, ಬೆರಳಿನಿಂದ ಉಜ್ಜು, ಮುಗೀತು. ಬೆಳಕು ಎಡದಿಂದ ಬರುತ್ತಿದ್ದರೂ ಎರಡೂ ಅಂಚು ಕಪ್ಪು! ನೋಡುವ ಕೆಲಸವೇ ಅಲ್ಲಿಲ್ಲ. ಅದೂ ಅಲ್ಲದೆ ಬಣ್ಣದ ಪಾಠಕ್ಕೆ ಬಂದಾಗ ಶೇಡ್ ಅಂದರೆ ಕಪ್ಪು ಬೆರೆಸಿದ ಬಣ್ಣ, ಪೇಂಟ್ ಅಂಗಡಿಯ ಶೇಡ್ ಕಾರ್ಡಿನಲ್ಲಿ ಶೇಡ್ ಅಂದರೆ ಯಾವ ಬಣ್ಣವಾದರೂ ಸರಿ. ಒಂದೇ ಪದ ಮೂರು ಕಡೆ ಮೂರು ಥರ.

ಪುಸ್ತಕದ ಪದ ‘ಛಾಯೆ’. ಅದೂ ಜಾರುತ್ತದೆ. ನೀಲಿಯ ಛಾಯೆ ಬೇರೆ, ಛಾಯಾಚಿತ್ರ ಬೇರೆ, ಮುಖದ ಮೇಲಿನ ದುಃಖದ ಛಾಯೆ ಇನ್ನೂ ಬೇರೆ. ಬಣ್ಣದ ಏರಿಳಿತಕ್ಕೆ ನಮ್ಮಲ್ಲಿ ಬೇಕಾದಷ್ಟು ಪದಗಳಿವೆ: ಕಡುನೀಲಿ, ತಿಳಿನೀಲಿ, ನಸುಗೆಂಪು, ಎಳೆಹಸಿರು. ಎಷ್ಟು ಸಲೀಸು ನೋಡಿ. ಅಲ್ಲಿ ಛಾಯೆ ಇಲ್ಲದೆಯೂ ಪಾಠ ನಡೆಯುತ್ತದೆ.

ಹುಡುಕುತ್ತಾ ಹೋದಾಗ ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಒಂದು ಪದ ಸಿಕ್ಕಿತು: ‘ವರ್ತನಾ’. ಚಿತ್ರಕ್ಕೆ ಉಬ್ಬುತಗ್ಗು ಕೊಡುವ ಕೆಲಸಕ್ಕೆ ಅಲ್ಲಿ ಇದೇ ಹೆಸರು. ಅದರಲ್ಲಿ ಮೂರು ಬಗೆ. ಎಲೆಯ ಹಾಗೆ ಗೆರೆ ಎಳೆದು ಮಾಡುವುದು ಪತ್ರಜ, ತುಂಬ ನವುರಾಗಿ ಮಾಡುವುದು ಐರಿಕ, ಚುಕ್ಕಿಯಿಟ್ಟು ಮಾಡುವುದು ಬಿಂದುಜ. ಓದಿ ನನಗೆ ಖುಷಿಯೋ ಖುಷಿ. ನಾನು ಹೈಸ್ಕೂಲಿನಲ್ಲಿ ಕಲಿಸುವ ಮೂರು ದಾರಿಗಳೂ ಇವೇ: ಗೀರಿನಿಂದ, ನುಣ್ಣಗೆ ಬೆರೆಸಿ, ಚುಕ್ಕಿಯಿಂದ. ಆದರೆ ಪದವನ್ನು ತರಗತಿಗೆ ತರುವುದು ಹೇಗೆ? ಮಕ್ಕಳಿಗೆ ವರ್ತನೆ ಅಂದರೆ ನಡತೆ. ಕೆಲವರ ಮನೆಯಲ್ಲಿ ಹಾಲಿನ ವರ್ತನೆಯೂ ಉಂಟು. ‘ಮಡಕೆಗೆ ವರ್ತನೆ ಕೊಡಿ’ ಅಂದರೆ ಯಾವ ಮಗುವಿಗೆ ತಿಳಿದೀತು? ಕೈಬಿಟ್ಟೆ, ಬೇಸರದಿಂದಲೇ.

ನಮ್ಮ ಕಡೆಯ ಹಸೆ ಚಿತ್ತಾರದಲ್ಲೂ ಹುಡುಕಿದೆ. ನನ್ನ ತರಗತಿಯ ಕೆಲವು ಹುಡುಗಿಯರ ಅಜ್ಜಿಯಂದಿರು ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಬರೆಯುವವರು. ಎಂಥ ನೇರ ಗೆರೆ ಅವರದು! ಆದರೆ ಅಲ್ಲಿ ಬೆಳಕು ಒಂದು ಕಡೆಯಿಂದ ಬರುವ ಮಾತೇ ಇಲ್ಲ, ಹಾಗಾಗಿ ಈ ಪದವೂ ಇಲ್ಲ.

ಕೊನೆಗೆ ಪದ ಕೊಟ್ಟಿದ್ದು ಮಕ್ಕಳೇ. ಮತ್ತೆ ಅದೇ ಮಡಕೆ ಇಟ್ಟು, ಪೆನ್ಸಿಲ್ ಕೆಳಗಿಡಿಸಿ, ಸುಮ್ನೆ ನೋಡಿ ಏನು ಕಾಣುತ್ತೆ ಹೇಳಿ ಅಂದೆ. ಒಬ್ಬಳು ‘ಸಾರ್, ಆ ಕಡೆ ಮಬ್ಬಾಗಿದೆ’ ಅಂದಳು. ಮಬ್ಬು! ಸಂಜೆಯ ಮಬ್ಬು, ಮಬ್ಬುಗತ್ತಲೆ. ಒಂದೇ ಸಲಕ್ಕೆ ಕಪ್ಪಾಗದೆ ಮೆಲ್ಲಗೆ ಇಳಿಯುವ ಗುಣ ಆ ಪದದಲ್ಲೇ ಇದೆ. ಅವತ್ತಿನಿಂದ ನನ್ನ ತರಗತಿಯಲ್ಲಿ ಮಡಕೆ ಮೈಮೇಲಿನದು ಮಬ್ಬು, ಮೇಜಿನ ಮೇಲೆ ಬಿದ್ದದ್ದು ನೆರಳು. ಗೊಂದಲ ನಿಂತುಹೋಯಿತು. ಆದರೆ ಉತ್ತರ ಕರ್ನಾಟಕದವರು ಮಬ್ಬಿನಲ್ಲಿ ಎದ್ದೆ ಅಂದರೆ ನಸುಕು ಅಂತ ಅರ್ಥ, ತೆಲುಗಿನಲ್ಲಿ ಮಬ್ಬು ಅಂದರೆ ಮೋಡ, ಮಂಕಾದ ಹುಡುಗನನ್ನೂ ಮಬ್ಬು ಅಂತ ಬೈಯುತ್ತಾರೆ. ಆ ಕಡೆಯ ಶಾಲೆಗಳಲ್ಲಿ ಇದು ನಡೆಯುತ್ತಾ? ದಯವಿಟ್ಟು ಹೇಳಿ.

ಇನ್ನು ಕ್ರಿಯಾಪದ. ನನಗೆ ಹೊಳೆದದ್ದು ‘ತೀಡು’. ಕಣ್ಣಿಗೆ ಕಾಡಿಗೆ ತೀಡುತ್ತೇವೆ, ಹುಬ್ಬು ತೀಡುತ್ತೇವೆ. ಹುಬ್ಬು ತೀಡುವಾಗ ಕೈ ಹುಬ್ಬಿನ ಬಾಗಿನ ಜೊತೆಗೇ ಹೋಗುತ್ತದೆ, ಅದಕ್ಕೆ ಅಡ್ಡವಾಗಿ ಅಲ್ಲ. ಮಡಕೆಯ ಮೇಲೂ ಪೆನ್ಸಿಲ್ ಹಾಗೇ ಹೊಟ್ಟೆಯ ದುಂಡಿನ ಜೊತೆ ತಿರುಗಬೇಕು. ‘ಬಲಗಡೆ ಮಬ್ಬು ತೀಡಿ’ ಅಂದಾಗ ಮಕ್ಕಳ ಕೈ ತಾನಾಗಿ ಹಗುರವಾಯಿತು. ‘ಶೇಡ್ ಮಾಡಿ’ ಅಂದಾಗ ಹೀಗೆ ಆಗಿದ್ದು ನಾನು ನೋಡಿಲ್ಲ. ಹಾಗಾಗಿ ಈ ಪದದ ಮೇಲೆ ನನಗೆ ತುಂಬ ಆಸೆ. ಯಾರಿಗಾದರೂ ಇದು ಸರಿಯಲ್ಲ ಅನ್ನಿಸಿದರೆ ಕಾರಣ ತಿಳಿಸಿ.

ಗೀರುಗಳಿಗೆ ಹೆಚ್ಚು ಕಷ್ಟವಾಗಲಿಲ್ಲ. ಒಂದೇ ದಿಕ್ಕಿನದು ಸಾಲುಗೀರು, ಒಂದರ ಮೇಲೊಂದು ಅಡ್ಡ ಹಾಯುವುದು ಚಾಪೆಗೀರು. ಎರಡನೆಯದು ಮಕ್ಕಳೇ ಇಟ್ಟ ಹೆಸರು, ಚಾಪೆಯ ಹೆಣಿಗೆ ನೋಡಿದವರಿಗೆ ವಿವರಿಸಲೇಬೇಕಿಲ್ಲ.

ಉಳಿದಿರುವುದು ಒಂದೇ. ಮಡಕೆಯ ಮಬ್ಬಿನ ಕಡೆ, ತೀರಾ ಅಂಚಿನಲ್ಲಿ, ಒಂದು ತೆಳುವಾದ ಬೆಳಕಿನ ಪಟ್ಟಿ ಇರುತ್ತದೆ. ಮೇಜಿಗೆ ಬಡಿದ ಬೆಳಕು ವಾಪಸ್ ಬಂದು ಮಡಕೆಯ ಬೆನ್ನಿಗೆ ತಾಗಿದ್ದು. ಹಿಂದಿನ ಬೆಂಚಿನ ಹುಡುಗನೊಬ್ಬ ತಾನೇ ಅದನ್ನು ಕಂಡುಹಿಡಿದು ‘ಸಾರ್, ಮಬ್ಬು ಅಂಚಿನ ತನಕ ಇಲ್ಲ, ಇದಕ್ಕೇನಂತಾರೆ?’ ಅಂತ ಕೇಳಿದ. ‘ಪ್ರತಿಫಲಿತ ಬೆಳಕು’ ಅಂದೆ. ಅವನು ತಲೆಯಾಡಿಸಿದ, ಆದರೆ ಪದ ಅವನ ಬಾಯಿಗೆ ಹತ್ತಲಿಲ್ಲ. ‘ಮರುಬೆಳಕು’ ಅನ್ನಬಹುದಾ? ಅಥವಾ ನಿಮ್ಮೂರಿನಲ್ಲಿ, ಕೆರೆ ನೀರಿನಿಂದ ಚಿಮ್ಮಿ ಗೋಡೆ ಮೇಲೆ ಆಡುವ ಬೆಳಕಿಗೆ ಏನಾದರೂ ಹೆಸರಿದೆಯಾ? ಸೋಮವಾರ ಅವನಿಗೆ ಉತ್ತರ ಕೊಡಬೇಕು.