ಸ್ಕೂಬಾ ಡೈವಿಂಗಲ್ಲಿ ಫಿನ್ (ಕಾಲಿಗೆ ಹಾಕೋ ಈಜುರೆಕ್ಕೆ) ಹೊಡೆಯೋದು ನಿಲ್ಲಿಸಿದ್ರೆ ಕಾಲು ಕೆಳಗೆ ಜೋತುಬೀಳತ್ತೆ, ಟ್ರಿಮ್ (ನೀರಲ್ಲಿ ಮೈ ಅಡ್ಡಡ್ಡ ನೇರವಾಗಿರೋದು) ಸರಿ ಮಾಡೋದು ಹೇಗೆ?

ಗುಳ್ಳೆಗೆಳೆಯ:
ನಮಸ್ಕಾರ ಎಲ್ರಿಗೂ. ಫಿನ್ ಹೊಡೀತಾ ಇರೋವರೆಗೂ ಪರವಾಗಿಲ್ಲ, ನಿಲ್ಲಿಸಿದ ತಕ್ಷಣ ಕಾಲು ಮೆಲ್ಲಗೆ ಇಳಿದು ನೀರಲ್ಲಿ ನಿಂತ ಹಾಗೆ ಆಗ್ಬಿಡತ್ತೆ, ತಳದ ಮಣ್ಣೆಲ್ಲಾ ಎದ್ದು ಹಿಂದೆ ಬರೋರಿಗೆ ಏನೂ ಕಾಣಲ್ಲ. 5 ಎಂಎಂ ವೆಟ್‌ಸೂಟ್, ಜಾಕೆಟ್ ಬಿಸಿಡಿ (ಗಾಳಿ ತುಂಬಿ, ಬಿಟ್ಟು ತೇಲೋದನ್ನ ಹಿಡಿತದಲ್ಲಿಡೋ ಜಾಕೆಟ್), ಅಲ್ಯೂಮಿನಿಯಂ 80 ಸಿಲಿಂಡರ್ (ಸುಮಾರು 80 ಘನ ಅಡಿ ಗಾಳಿಯ ಟ್ಯಾಂಕ್), ದಪ್ಪ ರಬ್ಬರ್ ಫಿನ್ಸ್, ಸೊಂಟದ ಬೆಲ್ಟಲ್ಲಿ 8 ಕೆಜಿ ಸೀಸ. ಹೊಸ ಬಿಸಿಡಿ ತಗೋಬೇಕಾ ಅಥವಾ ಇರೋದ್ರಲ್ಲೇ ಏನಾದ್ರೂ ಆಗತ್ತಾ?

ಆಳನೀರು:
ಹೊಸದೇನೂ ಬೇಡ. ಮೊದಲು ಆ 8 ಕೆಜಿ ನಿಜವಾಗ್ಲೂ ಬೇಕಾ ನೋಡಿ. ಸೀಸ ಜಾಸ್ತಿ ಆದ್ರೆ ಅದನ್ನ ಎತ್ತೋಕೆ ಬಿಸಿಡಿಗೆ ಜಾಸ್ತಿ ಗಾಳಿ ತುಂಬ್ತೀರಾ, ಆ ಗಾಳಿ ಹೋಗಿ ಭುಜದ ಹತ್ರ ಸೇರ್ಕೊಳತ್ತೆ, ಸೀಸ ಇರೋದು ಸೊಂಟದಲ್ಲಿ, ಒಂದು ಮೇಲಕ್ಕೆ ಇನ್ನೊಂದು ಕೆಳಕ್ಕೆ ಎಳೆದು ನಿಮ್ಮನ್ನ ನೆಟ್ಟಗೆ ನಿಲ್ಲಿಸ್ತವೆ. ಡೈವ್ ಕೊನೇಲಿ ಟ್ಯಾಂಕಲ್ಲಿ ಸುಮಾರು 50 ಬಾರ್ ಒತ್ತಡ ಉಳಿದಾಗ 5 ಮೀಟರ್ ಸೇಫ್ಟಿ ಸ್ಟಾಪಲ್ಲಿ (ಮೇಲೆ ಬರೋ ಮುಂಚೆ ಸ್ವಲ್ಪ ಹೊತ್ತು ನಿಲ್ಲೋ ಕಡೆ) ಬಿಸಿಡಿ ಗಾಳಿ ಪೂರ್ತಿ ಬಿಡಿ. ಮಾಮೂಲಿ ಉಸಿರಾಡ್ತಾ ಅಲ್ಲೇ ನಿಲ್ಲೋಕಾದ್ರೆ ತೂಕ ಸರಿ ಇದೆ, ಮುಳುಗ್ತಾ ಹೋದ್ರೆ ಮುಂದಿನ ಸಲ 1 ಕೆಜಿ ತೆಗೀರಿ. ತುಂಬಿದ ಟ್ಯಾಂಕಲ್ಲಿ ನೋಡಿ ತೀರ್ಮಾನ ಮಾಡ್ಬೇಡಿ, ಅದರೊಳಗಿನ ಗಾಳಿನೇ ಎರಡೂವರೆ ಕೆಜಿ ಮೇಲೆ ತೂಗತ್ತೆ, ಖಾಲಿ ಆಗ್ತಾ ಆಗ್ತಾ ಅಲ್ಯೂಮಿನಿಯಂ ಟ್ಯಾಂಕ್ ತೇಲೋಕೆ ಶುರುಮಾಡತ್ತೆ.

ತೇಲುಮೀನು:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ, ಅದಾದ್ಮೇಲೆ ತೂಕದ ಜಾಗ. ಟ್ಯಾಂಕನ್ನ ಬಿಸಿಡಿಗೆ ಕಟ್ಟೋ ಬ್ಯಾಂಡಲ್ಲಿ 2–3 ಸೆಂ.ಮೀ. ತಲೆ ಕಡೆಗೆ ಸರಿಸಿ ನೋಡಿ, ಆದ್ರೆ ಕತ್ತೆತ್ತಿ ಮುಂದೆ ನೋಡಿದಾಗ ತಲೆ ಟ್ಯಾಂಕ್ ಮೇಲಿರೋ ರೆಗ್ಯುಲೇಟರ್‌ಗೆ (ಉಸಿರಾಡೋಕೆ ಗಾಳಿ ಕೊಡೋ ಸಾಧನ) ಬಡೀಬಾರ್ದು. ಬೆಲ್ಟಿಂದ 2 ಕೆಜಿ ತೆಗೆದು ಭುಜದ ಹಿಂದಿನ ಟ್ರಿಮ್ ಪಾಕೆಟ್‌ಗೆ ಹಾಕಿ. ಎಲ್ಲಾ ಅಲ್ಲಿಗೇ ಸಾಗಿಸ್ಬೇಡಿ ದಯವಿಟ್ಟು, ಎಮರ್ಜೆನ್ಸೀಲಿ ಒಂದೇ ಕೈಯಲ್ಲಿ ಬಿಚ್ಚಿ ಬಿಸಾಕೋಕೆ ಆಗೋ ಸೀಸ ಇರ್ಲೇಬೇಕು. ಆ ರಬ್ಬರ್ ಫಿನ್ಸ್ ಮೇಲೂ ನಂಗೆ ಅನುಮಾನ, ಉದ್ದ ಕೋಲಿನ ತುದೀಲಿ ಕಲ್ಲು ಕಟ್ಟಿದ ಹಾಗೆ ಅದು, ಅಷ್ಟು ದೂರದಲ್ಲಿ ಅರ್ಧ ಕೆಜಿನೂ ಜೋರಾಗೇ ಎಳೆಯತ್ತೆ. ಯಾರದಾದ್ರೂ ಹಗುರ ಫಿನ್ಸ್ ಇಸ್ಕೊಂಡು ಒಂದು ಡೈವ್ ಮಾಡಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲಾಂದ್ರೆ ಯಾವುದ್ರಿಂದ ಸರಿಹೋಯ್ತು ಅಂತಾನೇ ಗೊತ್ತಾಗಲ್ಲ.

ಹವಳದಾರಿ:
ಗೇರ್ ಜೊತೆ ಮೈ ಇಟ್ಕೊಳೋ ರೀತಿನೂ ನೋಡ್ಕೊಳಿ. ಮಂಡಿ ಮಡಚಿ ಪಾದ ಮೇಲೆ, ತೊಡೆ ಬೆನ್ನಿನ ನೇರಕ್ಕೆ, ಕೈ ಮುಂದಕ್ಕೆ ಚಾಚಿ, ಕಣ್ಣು ಮುಂದೆ. ಕಾಲು ಕೆಳಗಿದ್ದಾಗ ಹೊಡೆಯೋ ಒಂದೊಂದು ಕಿಕ್ಕೂ ಮುಂದೆ ತಳ್ಳೋದ್ರ ಜೊತೆ ಮೇಲಕ್ಕೂ ತಳ್ಳತ್ತೆ, ಅದಕ್ಕೇ ನೀವು ಗೊತ್ತಿಲ್ದೇ ಗಾಳಿ ಬಿಡ್ತೀರಾ, ನಿಲ್ಲಿಸಿದಾಗ ಮುಳುಗ್ತೀರಾ, ಟ್ಯಾಂಕ್ ಗಾಳಿನೂ ಬೇಗ ಮುಗಿಯತ್ತೆ. ಜೊತೇಲಿ ಡೈವ್ ಮಾಡೋರಿಗೆ ಪಕ್ಕದಿಂದ ವಿಡಿಯೋ ತೆಗೆಯೋಕೆ ಹೇಳಿ, ಫಿನ್ ಆಡಿಸ್ದೆ 20 ಸೆಕೆಂಡ್ ಇದ್ದು ನೋಡಿ.

ಗುಳ್ಳೆಗೆಳೆಯ:
ತುಂಬಾ ಥ್ಯಾಂಕ್ಸ್. ನನ್ನ ಬಿಸಿಡೀಲಿ ಟ್ರಿಮ್ ಪಾಕೆಟ್ ಇಲ್ವಲ್ಲ, ಟ್ಯಾಂಕ್ ಬ್ಯಾಂಡೂ ಒಂದೇ.

ತೇಲುಮೀನು:
ಇನ್ನೊಂದು ಬ್ಯಾಂಡ್ ತಗೊಂಡು ಟ್ಯಾಂಕಿನ ಮೇಲ್ಭಾಗಕ್ಕೆ ಸುತ್ತಿ, ಅದು ಬಿಸಿಡಿಗೆ ಸೇರಬೇಕು ಅಂತೇನಿಲ್ಲ. ಅದಕ್ಕೆ ಎರಡೂ ಪಕ್ಕ ಒಂದೊಂದು ಕೆಜಿ ಸೀಸದ ಪಾಕೆಟ್ ಪೋಣಿಸಿ. ನೈಲಾನ್ ಪಟ್ಟಿ ಆದ್ರೆ ಮೊದಲು ಚೆನ್ನಾಗಿ ನೆನೆಸಿ ಆಮೇಲೆ ಬಿಗೀರಿ, ಒಣಗಿದ್ದಾಗ ಬಿಗಿದ್ರೆ ನೀರೊಳಗೆ ಸಡಿಲ ಆಗಿ ಜಾರತ್ತೆ.