1791ರಲ್ಲಿ ಶ್ರೀರಂಗಪಟ್ಟಣದ ಹೊಸ್ತಿಲಿಂದ ಕಾರ್ನ್‌ವಾಲಿಸ್ ಹಿಂದಿರುಗಿದ್ದೇಕೆ?

ಪ್ರಶ್ನೆ:
1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್, ಮೇ 15ರಂದು ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದ. ಅಲ್ಲಿಂದ ಶ್ರೀರಂಗಪಟ್ಟಣ ಒಂದು ದಿನದ ನಡಿಗೆಯಷ್ಟೂ ದೂರವಿಲ್ಲ. ಆದರೂ ಒಂದು ವಾರ ಕಳೆದು, ಕೋಟೆ ಒಡೆಯಲೆಂದೇ ತಂದಿದ್ದ ಭಾರಿ ತೋಪುಗಳನ್ನು ಕನ್ನಂಬಾಡಿಯಲ್ಲಿ ತಾನೇ ನಾಶಪಡಿಸಿ ಬೆಂಗಳೂರಿನತ್ತ ಹೊರಟ. ನಾನು ಓದಿದ ಕಡೆಯೆಲ್ಲ ‘ಮಳೆ ಬಂತು’ ಎಂಬ ಒಂದೇ ಕಾರಣವಿದೆ. ಬಲ್ಲವರು ವಿವರಿಸಬೇಕಾಗಿ ಕೋರಿಕೆ.

ಉತ್ತರ 1:
ಮಳೆಗಿಂತ ಮೊದಲು ಎತ್ತುಗಳನ್ನು ನೋಡಬೇಕು. ನಾನು ಬೀರೂರಿನ ಕಡೆಯವನು, ಕಾವಲಿನಲ್ಲಿ ಮೇಯುವ ಅಮೃತಮಹಲ್ ದನಗಳನ್ನು ನೋಡುತ್ತಲೇ ಬೆಳೆದವನು. ಹಸಿದ ಎತ್ತು ಕೆಸರಿನಲ್ಲಿ ಒಮ್ಮೆ ಮಂಡಿಯೂರಿದರೆ, ನೊಗ ಕಳಚಿ ಬಾಲ ತಿರುಚಿದರೂ ಏಳುವುದಿಲ್ಲ. ಕನಕಪುರದ ದಾರಿಯಲ್ಲಿ ಬಂದ ಕಂಪನಿ ಸೈನ್ಯಕ್ಕೆ ಆದದ್ದು ಇದೇ. ಟಿಪ್ಪುವಿನ ಸವಾರರು ದಾರಿಯುದ್ದಕ್ಕೂ ಮೇವನ್ನು ಸುಟ್ಟಿದ್ದರು. ಎತ್ತುಗಳು ಸಾಲುಸಾಲಾಗಿ ಸತ್ತವು. ಕೊನೆಗೆ ತೋಪುಗಳಿಗೆ ಹಗ್ಗ ಕಟ್ಟಿ ಸಿಪಾಯಿಗಳೇ ಎಳೆಯಬೇಕಾಯಿತು. ಇತ್ತ ಮೈಸೂರಿಗೆ ಚಿಕ್ಕದೇವರಾಜ ಒಡೆಯರ ಕಾಲದ ಅರಮನೆಯ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯಿಂದ ಬೆಳೆದುಬಂದ ಅಮೃತಮಹಲ್ ತಳಿಯೇ ಇತ್ತು. ಟಿಪ್ಪುವಿನ ಸೈನ್ಯದ ವೇಗದ ಗುಟ್ಟು ಇಲ್ಲಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಉತ್ತರ 2:
ಮೇಲಿನವರ ಮಾತು ಒಪ್ಪತಕ್ಕದ್ದೇ, ಆದರೆ ಅದು ಅರ್ಧ ಮಾತ್ರ. ಧಾರವಾಡದ ಮುತ್ತಿಗೆ ಮುಗಿಸಿದ ಪರಶುರಾಮ ಭಾವು ಮತ್ತು ಹರಿಪಂತರ ಮರಾಠಾ ಪಡೆಗಳು, ಅಂದರೆ ಕಂಪನಿಯ ಮಿತ್ರಪಡೆಗಳು, ಆ ಹೊತ್ತಿಗೆ ಹತ್ತಿರಕ್ಕೇ ಬಂದಿದ್ದವು. ಮೈಸೂರಿನ ಸವಾರರು ಹರಕಾರರನ್ನೆಲ್ಲ (ಓಲೆ ಒಯ್ಯುವವರನ್ನು) ದಾರಿಯಲ್ಲೇ ತಡೆದದ್ದರಿಂದ ಒಂದು ಚೀಟಿಯೂ ಕಾರ್ನ್‌ವಾಲಿಸ್‌ನ ಕೈ ಸೇರಲಿಲ್ಲ. ಪಿರಿಯಾಪಟ್ಟಣದವರೆಗೆ ಬಂದಿದ್ದ ಕಂಪನಿಯ ಇನ್ನೊಬ್ಬ ದಂಡನಾಯಕ ಅಬರ್‌ಕ್ರಾಂಬಿಗೂ ಹಿಂದಿರುಗಲು ಹೇಳಿಕಳುಹಿಸಿ, ತೋಪುಗಳನ್ನು ಒಡೆಸಿ, ಮೇ 26ರಂದು ಹೊರಟ ಕಂಪನಿ ಸೈನ್ಯದ ಎದುರಿಗೆ ಕುದುರೆ ಸವಾರರು ಕಾಣಿಸಿಕೊಂಡಾಗ, ಅವರು ಶತ್ರುಗಳೆಂದೇ ಮೊದಲು ಭಾವಿಸಲಾಯಿತು. ಬಂದವರು ಮರಾಠರು, ಅವರ ಬಳಿ ದವಸವೂ ಎತ್ತುಗಳೂ ಇದ್ದವು. ಆ ಸುದ್ದಿ ನಾಲ್ಕು ದಿನ ಮೊದಲೇ ತಲುಪಿದ್ದರೆ ತೋಪುಗಳು ಉಳಿಯುತ್ತಿದ್ದವು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹಾಗಿದ್ದರೆ 1792ರಲ್ಲಿ ಬದಲಾದದ್ದೇನು?

ಉತ್ತರ 3:
ಆಯುಧವಲ್ಲ, ದಾರಿ. ಅಕ್ಟೋಬರ್‌ನಲ್ಲಿ ನಂದಿದುರ್ಗ, ಡಿಸೆಂಬರ್‌ನಲ್ಲಿ ಸಾವನದುರ್ಗ, ಹೀಗೆ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ಹಿಡಿದು, ಸರಕು ಸಾಗುವ ಹಾದಿಯನ್ನು ಮೊದಲು ಭದ್ರಪಡಿಸಿಕೊಂಡರು. ದವಸ ಹೊರುವ ಕೆಲಸಕ್ಕೆ ಬಂಜಾರರು ಬಂದರು. ನಾವು ಲಂಬಾಣಿಗಳೆನ್ನುವ ಜನ. ಹೆಂಡತಿ ಮಕ್ಕಳೊಡನೆ ಹೇರೆತ್ತುಗಳನ್ನು ಹೊಡೆದುಕೊಂಡು ಸೈನ್ಯದ ಹಿಂದೆ ನಡೆದ ಇವರಿಲ್ಲದೆ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಮೇಲೆ ನಡೆದ ದಾಳಿ ಸಾಧ್ಯವಾಗುತ್ತಿರಲಿಲ್ಲ. ಚರಿತ್ರೆಯಲ್ಲಿ ಅವರಿಗೆ ಸಿಕ್ಕಿರುವ ಜಾಗ ತೀರ ಕಡಿಮೆ ಎಂಬುದು ನನ್ನ ನೋವು. ಮಾರ್ಚ್‌ನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು. 1799ರಲ್ಲಿ ಟಿಪ್ಪು ಮಡಿದ ನಂತರ ಅಮೃತಮಹಲ್ ದನಗಳೂ ಕಂಪನಿಯ ಕೈಸೇರಿದವು; 1803ರಲ್ಲಿ ಆರ್ಥರ್ ವೆಲ್ಲೆಸ್ಲಿ ಮರಾಠರ ಮೇಲೆ ದಂಡೆತ್ತಿ ಹೋದಾಗ ಅವನ ತೋಪುಗಳನ್ನು ಎಳೆದದ್ದು ಮೈಸೂರಿನ ಎತ್ತುಗಳೇ.