ರಾಮನ್ ಸಂಕೇತದ ವರ್ಧನೆಗೆ ಬೆಳ್ಳಿಯ ಕಣಗಳೋ, ಚಿನ್ನ ಲೇಪಿಸಿದ ಸೂಕ್ಷ್ಮ ಗುಳಿಗಳೋ?

ಪ್ರಶ್ನೆ:
ಹಣ್ಣಿನ ಸಿಪ್ಪೆಯ ಮೇಲೆ ಉಳಿಯುವ ಥೈರಾಮ್ ಎಂಬ ಶಿಲೀಂಧ್ರನಾಶಕದ ಪ್ರಮಾಣವನ್ನು ರಾಮನ್ ರೋಹಿತದಿಂದ (ಚದುರಿದ ಲೇಸರ್ ಬೆಳಕಿನ ತರಂಗಾಂತರ ಎಷ್ಟು ಬದಲಾಯಿತೆಂಬುದರಿಂದ ಅಣುವನ್ನು ಗುರುತಿಸುವ ವಿಧಾನ) ಅಳೆಯುವುದು ನನ್ನ ಸ್ನಾತಕೋತ್ತರ ಯೋಜನೆಯ ಗುರಿ. ಬೆಳ್ಳಿಯ ನ್ಯಾನೊಕಣಗಳ ದ್ರಾವಣವನ್ನು ಗಾಜಿನ ಮೇಲೆ ಹನಿಸಿ ಒಣಗಿಸಿದಾಗ 1380 ಸೆಂ.ಮೀ.⁻¹ ಬಳಿಯ ಥೈರಾಮ್‌ನ ಶೃಂಗ ಸ್ಪಷ್ಟವಾಗಿಯೇ ಕಾಣುತ್ತದೆ. ಆದರೆ ಲೇಸರ್ ಬಿಂದುವನ್ನು ತುಸು ಸರಿಸಿದರೂ ಅದರ ಎತ್ತರ ಹಲವು ಪಟ್ಟು ಏರುಪೇರಾಗುತ್ತದೆ. ತಲೆಕೆಳಗಾದ ಪಿರಮಿಡ್ ಆಕಾರದ ಗುಳಿಗಳಿಗೆ ಚಿನ್ನ ಲೇಪಿಸಿದ ಸಿಲಿಕಾನ್ ಫಲಕವನ್ನು ಬಳಸಿದರೆ ವರ್ಧನೆ (ಲೋಹದ ಮೇಲ್ಮೈ ರಾಮನ್ ಸಂಕೇತವನ್ನು ಬಲಪಡಿಸುವ ಪ್ರಮಾಣ) ತಗ್ಗುತ್ತದೆ ಎನ್ನುತ್ತಾರೆ. ಆ ನಷ್ಟವನ್ನು ಒಪ್ಪಿಕೊಳ್ಳಬಹುದೇ?

ಉತ್ತರ 1:
ಪ್ರಮಾಣವನ್ನು ಅಳೆಯುವುದೇ ಗುರಿಯಾದ್ದರಿಂದ ಖಂಡಿತ ಒಪ್ಪಿಕೊಳ್ಳಬಹುದು. ಲೋಹದ ಮೇಲ್ಮೈಯ ಎಲೆಕ್ಟ್ರಾನುಗಳು ಬೆಳಕಿನೊಂದಿಗೆ ಅನುರಣಿಸಿದಾಗ ಅಲ್ಲಿನ ವಿದ್ಯುತ್ ಕ್ಷೇತ್ರ ಬಲಗೊಳ್ಳುತ್ತದೆ. ಒಳಬರುವ ಬೆಳಕು, ಚದುರಿ ಹೊರಡುವ ಬೆಳಕು ಎರಡೂ ವರ್ಧಿಸುವುದರಿಂದ ಸಂಕೇತವು ಕ್ಷೇತ್ರದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ. ಕ್ಷೇತ್ರ 10 ಪಟ್ಟಾದರೆ ಸಂಕೇತ 10,000 ಪಟ್ಟು. ನಿಮ್ಮ ತೊಂದರೆಯ ಮೂಲವೂ ಈ ನಾಲ್ಕನೇ ಘಾತವೇ: ಕಣಗಳ ನಡುವಿನ ಕೆಲವೇ ನ್ಯಾನೊಮೀಟರುಗಳ ಅಂತರ ಸ್ವಲ್ಪ ಬದಲಾದರೂ ಶೃಂಗದ ಎತ್ತರ ವಿಪರೀತ ಬದಲಾಗುತ್ತದೆ. ಸಾಲದೆಂಬಂತೆ, ಹನಿ ಒಣಗುವಾಗ ಕಣಗಳು ಚೆಲ್ಲಿದ ಕಾಫಿಯ ಕಲೆಯಂತೆ ಅಂಚಿನಲ್ಲೇ ಗುಂಪುಗೂಡುತ್ತವೆ.

ಉತ್ತರ 2:
ಈ ವಿದ್ಯೆ ಹುಟ್ಟಿದ್ದೇ ಒರಟು ಮೇಲ್ಮೈಯಿಂದ. 1974ರಲ್ಲಿ ಸೌತಾಂಪ್ಟನ್‌ನಲ್ಲಿ ಫ್ಲೀಶ್‌ಮನ್, ಹೆಂಡ್ರಾ ಮತ್ತು ಮ್ಯಾಕ್‌ವಿಲನ್ ಒರಟುಗೊಳಿಸಿದ ಬೆಳ್ಳಿಯ ವಿದ್ಯುದ್ವಾರದ ಮೇಲೆ ಪಿರಿಡೀನ್‌ನ ಪ್ರಬಲ ಸಂಕೇತವನ್ನು ಕಂಡರು. ಅದು ಮೇಲ್ಮೈ ವಿಸ್ತೀರ್ಣ ಹೆಚ್ಚಿದ್ದರ ಫಲವಷ್ಟೇ ಅಲ್ಲ, ನಿಜವಾದ ವರ್ಧನೆ ಎಂಬುದು 1977ರಲ್ಲಿ ಸ್ಪಷ್ಟವಾಯಿತು. ಒರಟುತನದಲ್ಲಿ ಆಕಸ್ಮಿಕಕ್ಕೆ ಬಿಟ್ಟದ್ದನ್ನು ಪಿರಮಿಡ್ ಗುಳಿಗಳಲ್ಲಿ ನಾವೇ ರೂಪಿಸುತ್ತೇವೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸಿಲಿಕಾನನ್ನು ಕೊರೆಯುವಾಗ ಗೋಡೆಗಳ 54.7° ಇಳಿಜಾರನ್ನು ಹರಳಿನ ರಚನೆಯೇ ನಿರ್ಧರಿಸುವುದರಿಂದ ಗುಳಿಗಳೆಲ್ಲ ಒಂದೇ ಆಕಾರ ಪಡೆಯುತ್ತವೆ. ಆದರೆ ಲೇಸರನ್ನೂ ಬದಲಿಸಿ. 532 ನ್ಯಾನೊಮೀಟರ್‌ನಲ್ಲಿ ಚಿನ್ನವೇ ಬೆಳಕನ್ನು ಹೆಚ್ಚು ಹೀರಿಕೊಳ್ಳುತ್ತದೆ. 785ರಲ್ಲಿ ಆ ನಷ್ಟವೂ ಕಡಿಮೆ, ಸಿಪ್ಪೆಯೇ ಬೆಳಕನ್ನು ಹೀರಿ ಮತ್ತೆ ಸೂಸುವ ಪ್ರತಿದೀಪ್ತಿಯ ಕಾಟವೂ ಕಡಿಮೆ.

ಉತ್ತರ 3:
ಅಣು ಲೋಹಕ್ಕೆ ಅಂಟದಿದ್ದರೆ ಎಂಥ ಸುಂದರ ರಚನೆಯೂ ಪ್ರಯೋಜನಕ್ಕೆ ಬಾರದು, ಏಕೆಂದರೆ ವರ್ಧಿತ ಕ್ಷೇತ್ರ ಮೇಲ್ಮೈಯಿಂದ ಕೆಲವೇ ನ್ಯಾನೊಮೀಟರ್ ದೂರದಲ್ಲಿ ಕ್ಷೀಣಿಸುತ್ತದೆ. ಥೈರಾಮ್‌ನ ಗಂಧಕ-ಗಂಧಕ ಬಂಧ ಒಡೆದು ಅದು ಚಿನ್ನಕ್ಕೂ ಬೆಳ್ಳಿಗೂ ಗಟ್ಟಿಯಾಗಿ ಅಂಟುವುದು ನಿಮ್ಮ ಅನುಕೂಲ. ಆದರೆ ಮೇಲ್ಮೈ ಭರ್ತಿಯಾದ ಮೇಲೆ ಸಾಂದ್ರತೆ ಹೆಚ್ಚಿದರೂ ಶೃಂಗ ಏರುವುದಿಲ್ಲ. ಆದ್ದರಿಂದ ಸಾಂದ್ರತೆಗೂ ಶೃಂಗದ ಎತ್ತರಕ್ಕೂ ಇರುವ ಸರಳರೇಖೆಯ ಸಂಬಂಧವನ್ನು ಕಡಿಮೆ ಸಾಂದ್ರತೆಯ ವ್ಯಾಪ್ತಿಯಲ್ಲೇ ಹುಡುಕಬೇಕು. ಶೃಂಗದ ಎತ್ತರದಿಂದ ಪ್ರಮಾಣವನ್ನು ಓದಲು ಬಳಸುವ ಮಾಪನಾಂಕ ರೇಖೆಯನ್ನು ಶುದ್ಧ ದ್ರಾವಕದಲ್ಲಿ ಎಳೆಯದೆ, ಔಷಧ ತಾಕದ ಹಣ್ಣಿನ ಸಿಪ್ಪೆಯನ್ನು ತೊಳೆದ ದ್ರವಕ್ಕೆ ತಿಳಿದ ಪ್ರಮಾಣದ ಥೈರಾಮ್ ಬೆರೆಸಿ ಎಳೆಯಿರಿ. ಸಿಪ್ಪೆಯ ಮೇಣವೂ ಅದೇ ಮೇಲ್ಮೈಗಾಗಿ ಪೈಪೋಟಿ ನಡೆಸುತ್ತದೆ.